ಕಾಲಿಗೆ ಹಚ್ಚುವ ಗ್ರೋತ್ ಫ್ಯಾಕ್ಟರ್ ಜೆಲ್‌ನಿಂದ ಕಿಡ್ನಿ ಕೆಡುತ್ತಾ?

ಪ್ರಶ್ನೆ, ಸಿಂಧನೂರಿನಿಂದ:
ನಮಸ್ಕಾರ ಡಾಕ್ಟ್ರೇ. ಅವ್ವನಿಗೆ 58 ವರ್ಷ, ಶುಗರ್ ಬಂದು 14 ವರ್ಷ ಆಯಿತು. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡಿ ಅಂಗಾಲಿಗೆ ಗಾಯ ಆಯಿತು, ಎರಡು ತಿಂಗಳಾದರೂ ಆರಲಿಲ್ಲ. ಈಗ ರಾಯಚೂರಿನಲ್ಲಿ ತೋರಿಸುತ್ತಿದ್ದೇವೆ. ಅವರು ಗ್ರೋತ್ ಫ್ಯಾಕ್ಟರ್ ಇರುವ ಜೆಲ್ ಕೊಟ್ಟ ಮೇಲೆ ಸ್ವಲ್ಪ ಸ್ವಲ್ಪ ಕೂಡುತ್ತಿದೆ. ಇದೇ ವಾರ ಮೂತ್ರದ ಟೆಸ್ಟ್ ಮಾಡಿಸಿದರೆ ಎಸಿಆರ್ (ಮೂತ್ರದಲ್ಲಿ ಸೋರುವ ಪ್ರೋಟೀನ್‌ನ ಅಳತೆ) 180 ಬಂತು. ರಕ್ತದಲ್ಲಿ ಕಿಡ್ನಿ ನೋಡುವ ಟೆಸ್ಟ್ ಕ್ರಿಯಾಟಿನಿನ್ 0.9, ಅದು ನಾರ್ಮಲ್ ಅಂದರು. ಬಿಪಿ 146/88, ಟೆಲ್ಮಿಸಾರ್ಟನ್ ಮಾತ್ರೆ ಬರೆದಿದ್ದಾರೆ. ರಾತ್ರಿ ಮೊಬೈಲ್‌ನಲ್ಲಿ ಓದುತ್ತಾ ಕೂತಿದ್ದೆ, ಶುಗರ್ ಇದ್ದವರ ಕಿಡ್ನಿ ಕೆಡಿಸುವುದೇ ಗ್ರೋತ್ ಫ್ಯಾಕ್ಟರ್ ಅಂತ ಇತ್ತು. ಎದೆ ಧಸಕ್ಕೆಂದಿತು. ಜೆಲ್ ನಿಲ್ಲಿಸಿಬಿಡಲಾ?

ಡಾಕ್ಟರ್ ಉತ್ತರ:
ನಿಲ್ಲಿಸಬೇಡಿ. ನೀವು ಓದಿದ್ದು ಸುಳ್ಳಲ್ಲ, ಆದರೆ ನಿಮ್ಮ ಜೆಲ್‌ಗೂ ಅದಕ್ಕೂ ಸಂಬಂಧ ಇಲ್ಲ.

ಗ್ರೋತ್ ಫ್ಯಾಕ್ಟರ್ ಅನ್ನೋದು ಒಂದು ವಸ್ತುವಿನ ಹೆಸರಲ್ಲ, ಒಂದು ದೊಡ್ಡ ಮನೆತನದ ಹೆಸರು ಅಂದುಕೊಳ್ಳಿ. ಅದರಲ್ಲಿ ಒಬ್ಬ ಚರ್ಮ ಬೆಳೆಸುತ್ತಾನೆ, ಒಬ್ಬ ರಕ್ತನಾಳ ಹುಟ್ಟಿಸುತ್ತಾನೆ, ಒಬ್ಬ ಗಾಯದ ಮೇಲೆ ಗಟ್ಟಿ ಕಲೆ ಕಟ್ಟುತ್ತಾನೆ. ಕಾಲಿನ ಗಾಯಕ್ಕೆ ಹಚ್ಚುವುದು ಚರ್ಮ, ಮಾಂಸ ಬೆಳೆಸುವ ಜಾತಿಯದು. ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಕಿಡ್ನಿ ಕೆಡಿಸುವವನ ಹೆಸರು ಟಿಜಿಎಫ್ ಬೀಟಾ. ಅವನು ಹೊರಗಿನಿಂದ ಬರೋದಿಲ್ಲ, ಕಿಡ್ನಿ ತಾನೇ ಹುಟ್ಟಿಸಿಕೊಳ್ಳುತ್ತದೆ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಸೋಸುಕಗಳಿವೆ. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಅಲ್ಲಿನ ಜೀವಕೋಶಗಳು ಈ ಟಿಜಿಎಫ್ ಬೀಟಾ ಬಿಡುತ್ತಾ ಹೋಗುತ್ತವೆ, ಅದು 'ಕಟ್ಟು, ಇನ್ನೂ ಕಟ್ಟು' ಅಂತ ಹೇಳುತ್ತಾ ಸೋಸುಕದ ಸಂದಿಯಲ್ಲೆಲ್ಲ ಅಂಟು ಪದಾರ್ಥ ತುಂಬಿಸುತ್ತದೆ. ನಮ್ಮ ತುಂಗಭದ್ರಾ ಡ್ಯಾಮಿನ ಹೂಳು ನೆನಪು ಮಾಡಿಕೊಳ್ಳಿ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಮೇಲಿಂದ ನೋಡಿದರೆ ಡ್ಯಾಮ್ ತುಂಬಿಯೇ ಕಾಣುತ್ತದೆ, ಅಲ್ವಾ? ಕ್ರಿಯಾಟಿನಿನ್ 0.9 ಅಂದರೂ ಹಾಗೇ. ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೂ ಅದು ಸುಮ್ನೆ ನಾರ್ಮಲ್ ತೋರಿಸಬಹುದು. ಎಸಿಆರ್ ಮೊದಲೇ ಹೇಳುತ್ತದೆ. ಅದು 30ರ ಒಳಗಿರಬೇಕಿತ್ತು.

ಆದರೆ ಒಂದೇ ಟೆಸ್ಟ್ ನಂಬಬೇಡಿ. ಕಾಲಿನ ಗಾಯದಲ್ಲಿ ಕೀವು, ಜ್ವರ ಇದ್ದರೂ ಎಸಿಆರ್ ಏರುತ್ತದೆ. ಗಾಯ ಆರಿದ ಮೇಲೆ ಮತ್ತೆ ಮಾಡಿಸಿ. ಮೂರರಲ್ಲಿ ಎರಡು ಸಲ ಜಾಸ್ತಿ ಬಂದರೆ ಖಚಿತ.

ಟೆಲ್ಮಿಸಾರ್ಟನ್ ಬರೀ ಬಿಪಿ ಮಾತ್ರೆ ಅಂತ ಬಿಡಬೇಡಿ. ಸೋಸುಕಕ್ಕೆ ರಕ್ತ ಬರುವ ತೂಬು ಒಂದು, ಹೋಗುವ ತೂಬು ಒಂದು. ಶುಗರ್‌ನಲ್ಲಿ ಬರುವ ತೂಬು ಅಗಲ, ಹೋಗುವ ತೂಬು ಬಿಗಿ, ನಡುವೆ ಒತ್ತಡ. ಬಿಗಿ ಮಾಡುವುದು ದೇಹದ್ದೇ ಹಾರ್ಮೋನ್ ಆಂಜಿಯೋಟೆನ್ಸಿನ್, ಟಿಜಿಎಫ್ ಬೀಟಾ ಹೆಚ್ಚಿಸುವುದೂ ಅದೇ. ಈ ಮಾತ್ರೆ ಅದರ ಕೈ ಕಟ್ಟುತ್ತದೆ. ಶುರು ಮಾಡಿದ ಒಂದೆರಡು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ.

ಬಳ್ಳಾರಿಯಿಂದ ಒಬ್ಬರು:
ಹಾಗಾದರೆ ಟಿಜಿಎಫ್ ಬೀಟಾನೇ ತಡೆಯುವ ಇಂಜೆಕ್ಷನ್ ಕೊಟ್ಟರೆ ಆಯಿತಲ್ಲ ಸರ್, ಸುತ್ತಿ ಬಳಸಿ ಯಾಕೆ?

ಡಾಕ್ಟರ್ ಉತ್ತರ:
ನಿಮಗೆ ಹೊಳೆದದ್ದು ಔಷಧ ಕಂಪನಿಗಳಿಗೂ ಹೊಳೆದಿತ್ತು. ಅದಕ್ಕೆ ಅಂಟಿ ತಡೆಯುವ ಪ್ರತಿಕಾಯವನ್ನು ಶುಗರ್ ಕಿಡ್ನಿ ರೋಗಿಗಳಿಗೆ ಕೊಟ್ಟು ನೋಡಿದರು. ಗುಣ ಕಾಣಲಿಲ್ಲ ಅಂತ ಮಧ್ಯದಲ್ಲೇ ನಿಲ್ಲಿಸಿದರು, ಅದರ ವಿವರ 2017ರಲ್ಲಿ ಪ್ರಕಟವಾಯಿತು. ಟಿಜಿಎಫ್ ಬೀಟಾಗೆ ದೇಹದಲ್ಲಿ ಒಳ್ಳೆಯ ಕೆಲಸಗಳೂ ಇವೆ, ಗಾಯ ಕೂಡಿಸುವುದು, ಉರಿಯೂತ ತಣಿಸುವುದು. ಸುತ್ತು ದಾರಿಯೇ ಈವರೆಗೆ ಕೆಲಸ ಮಾಡಿದ್ದು. ಹೋಗುವ ತೂಬು ಸಡಿಲಿಸುವ, ಟೆಲ್ಮಿಸಾರ್ಟನ್ ಜಾತಿಯದೇ ಆದ ಲೋಸಾರ್ಟನ್, ಇರ್ಬೆಸಾರ್ಟನ್ ಕಿಡ್ನಿ ಕೆಡುವುದನ್ನು ನಿಧಾನಿಸುತ್ತವೆ ಅಂತ 2001ರಲ್ಲಿ ಗೊತ್ತಾಯಿತು. ಬರುವ ತೂಬು ಬಿಗಿ ಮಾಡುವ, ಶುಗರ್‌ಗೆ ಕೊಡುವ ಗ್ಲಿಫ್ಲೋಜಿನ್ ಮಾತ್ರೆಗಳ ಸರದಿ ಬಂದದ್ದು 2019ರಲ್ಲಿ. ಸಿಂಧನೂರಿನವರೇ, ಎರಡನೆಯದು ಅವ್ವನಿಗೂ ಬೇಕಾಗಬಹುದು, ಆದರೆ ಕಾಲಿನಲ್ಲಿ ಗಾಯ ತೆರೆದಿರುವಾಗ ಅವಸರ ಬೇಡ. ನಿಮ್ಮ ಡಾಕ್ಟರೇ ತೀರ್ಮಾನಿಸಲಿ.

ಗಂಗಾವತಿಯಿಂದ ಒಬ್ಬರು:
ನಮ್ಮ ಅಣ್ಣನಿಗೆ ಶುಗರ್‌ನಿಂದ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಗ್ರೋತ್ ಫ್ಯಾಕ್ಟರ್ ತಡೆಯುವುದು ಅಂದರು. ಅದು ಕಿಡ್ನಿಗೂ ಒಳ್ಳೆಯದಾ?

ಡಾಕ್ಟರ್ ಉತ್ತರ:
ಅದು ಇನ್ನೊಬ್ಬ, ವಿಇಜಿಎಫ್, ರಕ್ತನಾಳ ಹುಟ್ಟಿಸುವವನು. ಕಣ್ಣಿನಲ್ಲಿ ಅವನ ಕಾಟ ಜಾಸ್ತಿ. ಕಿಡ್ನಿಯಲ್ಲಿ ಅವನು ಜಾಸ್ತಿಯಾದರೂ ತೊಂದರೆ, ಕಡಿಮೆಯಾದರೂ ತೊಂದರೆ, ಸೋಸುಕದ ಗೋಡೆಗೆ ಅವನು ಬೇಕೇ ಬೇಕು. ಕಣ್ಣಿನ ಔಷಧದ ಸ್ವಲ್ಪ ಭಾಗ ರಕ್ತಕ್ಕೆ ಹೋಗಿ ಕೆಲವರಲ್ಲಿ ಬಿಪಿ ಏರಿದ್ದು, ಮೂತ್ರದಲ್ಲಿ ಪ್ರೋಟೀನ್ ಹೆಚ್ಚಿದ್ದು ದಾಖಲಾಗಿದೆ. ಹಾಗಂತ ಹೆದರಿ ಬಿಟ್ಟರೆ ಕಣ್ಣು ಹೋಗುತ್ತದೆ. ಕಿಡ್ನಿ ರಿಪೋರ್ಟನ್ನು ಕಣ್ಣಿನ ಡಾಕ್ಟರಿಗೂ ತೋರಿಸಿ, ಅಷ್ಟೇ.

ಸಿಂಧನೂರು:
ಜೀವ ಬಂತು ಡಾಕ್ಟ್ರೇ. ಇನ್ನೊಂದು, ಅವ್ವ ಕಾಲು ನೋವಿಗೆ ಮೆಡಿಕಲ್‌ನಿಂದ ನೋವಿನ ಮಾತ್ರೆ ತರಿಸಿ ದಿನಾ ನುಂಗುತ್ತಾಳೆ. ಏನೂ ಆಗಲ್ಲ ಅಲ್ವಾ?

ಡಾಕ್ಟರ್ ಉತ್ತರ:
ಆಗುತ್ತದೆ. ಇದನ್ನು ಮೊದಲೇ ಹೇಳಬೇಕಿತ್ತು ನೀವು! ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದಾದರೆ ಇವತ್ತೇ ನಿಲ್ಲಿಸಿ. ಟೆಲ್ಮಿಸಾರ್ಟನ್ ಜೊತೆ, ಅದರಲ್ಲೂ ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರಿ ದೇಹ ಒಣಗಿದಾಗ, ಕಿಡ್ನಿ ಏಕಾಏಕಿ ಕೈಕೊಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ವಾಂತಿ, ಭೇದಿ ಶುರುವಾದ ದಿನ ಟೆಲ್ಮಿಸಾರ್ಟನ್ ಕೂಡ ನಿಲ್ಲಿಸಬೇಕಾಗಬಹುದು, ಫೋನ್ ಮಾಡಿ ಕೇಳಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ. ರೊಟ್ಟಿ ತಿನ್ನಲಿ, ಅದರ ತಂಟೆಗೆ ಹೋಗಬೇಡಿ.

ಸಿಂಧನೂರು:
ಚಪ್ಪಲಿ ಹಾಕು ಅಂದರೆ ಕೆಸರಲ್ಲಿ ಸಿಕ್ಕಿಬೀಳುತ್ತೆ ಅಂತಾಳೆ.

ಡಾಕ್ಟರ್ ಉತ್ತರ:
ಸರಿಯಾಗೇ ಹೇಳಿದ್ದಾರೆ. ಅದಕ್ಕೇ ಗಾಯ ಆರುವವರೆಗೆ ಗದ್ದೆಗೇ ಇಳಿಯೋದು ಬೇಡ. ಮನೆಯಲ್ಲಿ ಚಪ್ಪಲಿ ಹಾಕಲಿ. ಮೂರು ತಿಂಗಳೊಳಗೆ ಎಸಿಆರ್ ಮಾಡಿಸಿ ಇಲ್ಲೇ ಹಾಕಿ, ಅವರ ಹೆಸರು ಮರೆಮಾಡಿ.