ಎಂಟು ಜನರ ಊಟಕ್ಕೆ ಒಯ್ಯಲು ಸುಲಭದ, ಆದರೂ ಚೆಂದ ಕಾಣುವ ಸಿಹಿ ಯಾವುದು?

ಪ್ರಶ್ನೆ, ಬೆಂಗಳೂರಿನಿಂದ

ಶನಿವಾರ ರಾತ್ರಿ ಗೆಳತಿಯ ಮನೆಯಲ್ಲಿ ಊಟ. ಒಟ್ಟು ಎಂಟು ಜನ, ಸಿಹಿ ನನ್ನ ಪಾಲಿಗೆ ಬಂದಿದೆ. ಅನ್ನ, ಸಾರು, ಪಲ್ಯ ಮಾಡ್ತೀನಿ. ಸಿಹಿ ಅಂದ್ರೆ ಧೈರ್ಯ ಸಾಲದು, ಪಾಕ ಹಿಡಿಯೋಕೆ ಬರಲ್ಲ. ಓವನ್ ಇಲ್ಲ. ಗ್ಯಾಸ್ ಒಲೆ, ಕುಕ್ಕರ್, ಮಿಕ್ಸಿ, ಫ್ರಿಜ್ ಇವೆ. ಆ ಮನೆಯ ಹಿರಿಯರು ಮೊಟ್ಟೆ ಮುಟ್ಟಲ್ಲ. ಆಟೋದಲ್ಲಿ ಒಂದು ಗಂಟೆ ದಾರಿ. ಅಂಗಡಿ ಸ್ವೀಟ್ ಬಾಕ್ಸ್ ಒಯ್ಯಲು ಮನಸ್ಸಿಲ್ಲ. ಅಳತೆ ಸಮೇತ ಹೇಳಿದರೆ ಉಪಕಾರ.

ಮೈಸೂರಿನಿಂದ

ಮೊದಲು ಏನು ಬೇಡ ಅಂತ ಹೇಳಿಬಿಡ್ತೀನಿ. ಮೈಸೂರು ಪಾಕ್, ಕೊಬ್ಬರಿ ಮಿಠಾಯಿ, ಬರ್ಫಿ ಇವೆಲ್ಲ ಇಳಿಸೋ ಹದದ ಮೇಲೆ ನಿಂತಿರೋವು. ಸ್ವಲ್ಪ ಮುಂಚೆ ಇಳಿಸಿದರೆ ಮೆತ್ತಗೆ ಉಳಿಯುತ್ತೆ, ಸ್ವಲ್ಪ ತಡವಾದರೆ ಪುಡಿಪುಡಿ, ಆಮೇಲೆ ಸರಿಮಾಡೋದು ಕಷ್ಟ. ಜಾಮೂನೂ ಬೇಡ. ಎಣ್ಣೆ ಕಾವು ಜಾಸ್ತಿಯಾದರೆ ಹೊರಗೆ ಕಪ್ಪು, ಒಳಗೆ ಹಸಿ ಹಿಟ್ಟು. ಕೇಸರಿಬಾತ್ ಸುಲಭ ಅಂತ ಎಲ್ಲರೂ ಹೇಳ್ತಾರೆ, ಆದರೆ ಅದು ಒಲೆಯಿಂದ ನೇರ ತಟ್ಟೆಗೆ ಬರಬೇಕಾದ್ದು. ಒಂದು ಗಂಟೆ ಡಬ್ಬಿಯಲ್ಲಿ ಕೂತರೆ ರವೆ ನೀರೆಲ್ಲ ಹೀರಿಕೊಳ್ಳುತ್ತೆ, ತುಪ್ಪ ಹೆಪ್ಪುಗಟ್ಟುತ್ತೆ, ಬಡಿಸುವಾಗ ಗಡ್ಡೆ.

ನಿಮಗೆ ಬೇಕಾದ್ದು ಶುಕ್ರವಾರವೇ ಮುಗಿದು, ತಣ್ಣಗೆ ತಿನ್ನೋ ಸಿಹಿ. ಏನಾದರೂ ಹೆಚ್ಚುಕಮ್ಮಿಯಾದರೆ ಶನಿವಾರ ಪೂರ್ತಿ ಕೈಯಲ್ಲಿರುತ್ತೆ.

ಧಾರವಾಡದಿಂದ

ಶ್ರೀಖಂಡ ಮಾಡ್ರಿ. ಒಲಿ ಹಚ್ಚೋದು ಬ್ಯಾಡ, ಪಾಕದ ಮಾತು ಇಲ್ಲ. ನಮ್ಮ ಕಡೆ ಪೂರಿ ಜೋಡಿ ಹಬ್ಬಕ್ಕ ಮಾಡೋದು, ಹಿರಿಯರಿಗೂ ಸೇರ್ತದ.

ಎಂಟು ಮಂದಿಗೆ ಒಂದೂವರಿ ಕಿಲೋ ಮೊಸರು ಬೇಕು. ಫುಲ್ ಕ್ರೀಮ್ ಹಾಲಿಗೆ ಹೆಪ್ಪು ಹಾಕಿದ್ದು ಇರಬೇಕು. ಅದರಾಗ ಜಿಡ್ಡು 6% ಇರ್ತದ, ಟೋನ್ಡ್ ಹಾಲಿನಾಗ 3%. ಟೋನ್ಡ್ ಹಾಲಿನ ಮೊಸರು ಕಟ್ಟಿದ್ರ ಚಕ್ಕಾ, ಅಂದ್ರ ನೀರು ಬಸಿದ ಗಟ್ಟಿ ಮೊಸರು, ಕಡಿಮಿ ಬರ್ತದ, ತಿನ್ನುವಾಗ ಹಿಟ್ಟು ಹಿಟ್ಟು ಅನಸ್ತದ. ಗುರುವಾರ ರಾತ್ರಿ ಹೆಪ್ಪು ಹಾಕಿ, ಶುಕ್ರವಾರ ಮುಂಜಾನೆ ಗಟ್ಟಿ ಆದ ಕೂಡಲೇ, ಹುಳಿ ಏರೋದಕ್ಕ ಮೊದಲು ಕಟ್ರಿ. ತೆಳು ಹತ್ತಿ ಅರಿವಿ ತೊಳದು ಹಿಂಡಿ ಜರಡಿ ಮ್ಯಾಲೆ ಹಾಸ್ರಿ, ಮೊಸರು ಸುರುವಿ ಗಂಟು ಕಟ್ರಿ, ಕೆಳಗ ಪಾತೇಲಿ ಇಟ್ಟು ಫ್ರಿಜ್ಜಿನಾಗ ಇಡ್ರಿ. ಒಂದು ತಾಸು ಆದ ಮ್ಯಾಲೆ ಗಂಟಿನ ಮ್ಯಾಲೆ ಒಂದು ತಾಟು, ತಾಟಿನ ಮ್ಯಾಲೆ ನೀರು ತುಂಬಿದ ತಂಬಿಗಿ. 8 ರಿಂದ 10 ತಾಸು ಬಿಡ್ರಿ. ಹೊರಗ ಗೂಟಕ್ಕ ತೂಗು ಹಾಕಿದ್ರ ಬ್ಯಾಸಗಿಯಾಗ ನೀರು ಇಳಿಯೋದ್ರೊಳಗ ಹುಳಿ ಆಗಿಬಿಡ್ತದ.

ಗಂಟು ಬಿಚ್ಚಿದಾಗ ಚಕ್ಕಾ ಅರಿವಿ ಬಿಟ್ಟು ಎದ್ದು ಬರಬೇಕು. ಬಟ್ಟು ಒತ್ತಿದ್ರ ಗುರುತು ಹಂಗೇ ಉಳೀಬೇಕು. ಗುರುತು ಮುಚ್ಚಿಕೊಂಡ್ರ ಇನ್ನೂ ಎರಡು ತಾಸು ಬೇಕು ಅಂತ ತಿಳೀರಿ. ಸುಮಾರು 600 ಗ್ರಾಂ ಬರ್ತದ. ತೂಕ ಮಾಡ್ರಿ, ಸಕ್ಕರಿ ಲೆಕ್ಕ ಚಕ್ಕಾದ ಮ್ಯಾಲೆ. ಹಳಬರು ಸಮಸಮ ಹಾಕ್ತಾರ. ನನ್ನ ಕೇಳಿದ್ರ ಮುಕ್ಕಾಲು ಪಾಲು ಸಾಕು, 450 ಗ್ರಾಂ. ಪುಡಿ ಸಕ್ಕರಿ ಕಲಸಿ ಅರ್ಧ ತಾಸು ಸುಮ್ಮನ ಬಿಡ್ರಿ. ಸಕ್ಕರಿ ಕರಗಿದಾಗ ಚಕ್ಕಾ ಸಡಲ ಆಗ್ತದ, ಗಾಬರಿ ಆಗಬ್ಯಾಡ್ರಿ, ಫ್ರಿಜ್ಜಿನಾಗ ಮತ್ತ ಬಿಗೀತದ. ಆದ್ರ ಚಕ್ಕಾದಾಗನ ನೀರು ಉಳಿದಿದ್ರ ಅದು ಬಿಗಿಯೋದಿಲ್ಲ. ಶ್ರೀಖಂಡ ಕೆಟ್ಟಿತು ಅಂದ್ರ ಹೆಚ್ಚಿನಂಶ ಕಾರಣ ಅದೊಂದೇ.

ಆಮ್ಯಾಲೆ ಸಣ್ಣ ಕಣ್ಣಿನ ಜರಡಿಯೊಳಗ ಹಾಕಿ ಚಮಚದಿಂದ ತಿಕ್ಕಿ ಇಳಸ್ರಿ. ಹತ್ತು ನಿಮಿಷದ ಕೆಲಸ, ಕೈ ನೋಯ್ತದ, ಆದ್ರ ಬಿಡಬ್ಯಾಡ್ರಿ. ಬಾಯಾಗ ಗಂಟು ಸಿಗದಂಗ ನುಣ್ಣಗ ಆಗೋದು ಇದರಿಂದನ. ಮಿಕ್ಸರ್ ಮಾತ್ರ ಮುಟ್ಟಬ್ಯಾಡ್ರಿ, ಬ್ಲೇಡಿನ ಹೊಡತಕ್ಕ ಚಕ್ಕಾ ತೆಳ್ಳಗ ಆಗ್ತದ.

ಪ್ರಶ್ನೆ ಕೇಳಿದವರು

ಚಕ್ಕಾ ಹುಳಿ ಅನಿಸಿದರೆ ಏನು ಮಾಡೋದು? ಕೇಸರಿ ಎಷ್ಟು, ಯಾವಾಗ? ಹಣ್ಣು ಸೇರಿಸಬಹುದಾ?

ಧಾರವಾಡದಿಂದ

ಸ್ವಲ್ಪ ಹುಳಿ ಇರಬೇಕು, ಇಲ್ಲಂದ್ರ ಬರೇ ಸಿಹಿ ಮುಖಕ್ಕ ಹೊಡೀತದ. ಜಾಸ್ತಿ ಅನಿಸಿದ್ರ ಎರಡು ಚಮಚ ತಾಜಾ ಕೆನಿ ಮತ್ತ ಚಿಟಿಕಿ ಉಪ್ಪು. ಮೂಗಿಗೆ ಹುಳಿ ವಾಸನಿ ಹೊಡೀತಿದ್ರ ಸಕ್ಕರಿ ಸುರೀಬ್ಯಾಡ್ರಿ, ಆ ಚಕ್ಕಾ ಸಿಹಿಗೆ ಆಗೋದಿಲ್ಲ. ಕೇಸರಿ 25 ಎಸಳು, ಒಂದು ಚಮಚ ಬಿಸಿ ಹಾಲಿನಾಗ ಕಾಲು ತಾಸು ನೆನಸಿ, ಜರಡಿ ಹಿಡಿದ ಮ್ಯಾಲೆ ಹಾಲಿನ ಸಮೇತ ಹಾಕ್ರಿ. ಅರ್ಧ ಚಮಚ ಯಾಲಕ್ಕಿ ಪುಡಿ, ಜಾಜಿಕಾಯಿ ತೇಯ್ದದ್ದು ಒಂದು ಚಿಟಿಕಿ.

ಹಣ್ಣಿನಾಗ ಹಸಿ ಅನಾನಸ್, ಪಪಾಯ, ಕಿವಿ ಬ್ಯಾಡ. ಅವುಗಳೊಳಗಿನ ಕಿಣ್ವ ಹಾಲಿನ ಪ್ರೋಟೀನ್ ಒಡೀತದ, ಎರಡು ತಾಸಿನಾಗ ಕಹಿ ಹಿಡೀತದ. ಮಾವಿನ ಸುಗ್ಗಿ ಇದ್ರ ಆಪೂಸ್ ಹಣ್ಣಿನ ಗಟ್ಟಿ ರಸ 200 ಗ್ರಾಂ ಕೂಡಸ್ರಿ, ಸಕ್ಕರಿ 100 ಗ್ರಾಂ ಕಡಿಮಿ ಮಾಡ್ರಿ. ಅದು ಆಮ್ರಖಂಡ.

ನ್ಯೂಜೆರ್ಸಿಯಿಂದ

ಹೊರದೇಶದಲ್ಲಿ ಇದನ್ನು ಮಾಡೋರಿಗೆ: 900 ಗ್ರಾಂ ಪೂರ್ಣ ಜಿಡ್ಡಿನ ಗ್ರೀಕ್ ಯೋಗರ್ಟ್ ತಗೊಂಡರೆ ರಾತ್ರಿಯಿಡೀ ಕಟ್ಟುವ ಕೆಲಸ ಇಲ್ಲ, ಮೂರು ಗಂಟೆ ಸಾಕು. ‘ಗ್ರೀಕ್ ಸ್ಟೈಲ್’ ಅಂತ ಬರೆದಿದ್ದರೆ ಡಬ್ಬಿಯ ಹಿಂಬದಿ ಓದಿ. ಕೆಲವಕ್ಕೆ ಪಿಷ್ಟ ಹಾಕಿ ಗಟ್ಟಿ ಮಾಡಿರ್ತಾರೆ, ಅದು ಎಷ್ಟು ಹೊತ್ತು ಕಟ್ಟಿದರೂ ಸರಿಯಾಗಿ ನೀರು ಬಿಡಲ್ಲ. ಕೆಲವದರಲ್ಲಿ ಜೆಲಾಟಿನ್ ಇರುತ್ತೆ, ಸಸ್ಯಾಹಾರಿಗಳ ಮನೆಗೆ ಆಗಲ್ಲ.

ಮಂಗಳೂರಿನಿಂದ

ಶ್ರೀಖಂಡ ಒಳ್ಳೆಯದೇ, ಆದರೆ ಒಂದು ಗಂಟೆ ಆಟೋ ಅಂದ್ರೆ ನನ್ನ ಓಟು ಎಳನೀರು ಪುಡ್ಡಿಂಗಿಗೆ. ಚೈನಾ ಗ್ರಾಸ್ ಹಾಕಿ ಮಾಡುವುದು, ಅದು ಕಡಲ ಪಾಚಿಯದ್ದು, ಪೂರ್ತಿ ಸಸ್ಯಾಹಾರ. ಇದರ ಒಂದು ದೊಡ್ಡ ಗುಣ ಉಂಟು: 40 ಡಿಗ್ರಿಗಿಂತ ಕೆಳಗೆ ಇಳಿಯುವಾಗ ಹೊರಗೇ ಗಟ್ಟಿಯಾಗ್ತದೆ, ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಜೆಲಾಟಿನ್ ಆದರೆ ಬಿಸಿಲಿಗೆ ನೀರಾಗ್ತದೆ, ಇದು ಆಗುವುದಿಲ್ಲ.

ಬೇಕಾದ್ದು: ಚೈನಾ ಗ್ರಾಸ್ ಎಳೆ 10 ಗ್ರಾಂ, ಎಳನೀರು 300 ಎಂಎಲ್, ಹಾಲು ಅರ್ಧ ಲೀಟರ್, ಕಂಡೆನ್ಸ್ಡ್ ಮಿಲ್ಕ್ 200 ಗ್ರಾಂ, ಎಳನೀರಿನ ಗಂಜಿ 200 ಗ್ರಾಂ. ಅಂಗಡಿಯವನ ಹತ್ತಿರ ‘ತೆಳು ಗಂಜಿ ಇರೋದು ಕೊಡಿ’ ಅಂತಲೇ ಕೇಳಿ. ಬಲಿತ ಗಂಜಿ ಅರೆದರೆ ತರಿತರಿ ಉಳೀತದೆ, ಪುಡ್ಡಿಂಗಿಗೆ ತೆಂಗಿನಕಾಯಿ ರುಚಿ ಬರ್ತದೆ. ಮೂರ್ನಾಲ್ಕು ಬೊಂಡ, ಅಂದ್ರೆ ಎಳನೀರು ಕಾಯಿ, ಬೇಕಾದೀತು.

ಚೈನಾ ಗ್ರಾಸನ್ನು ಕತ್ತರಿಯಲ್ಲಿ ತುಂಡು ಮಾಡಿ ಎಳನೀರಿನಲ್ಲೇ ಅರ್ಧ ಗಂಟೆ ನೆನೆಸಿ. ಮತ್ತೆ ಸಣ್ಣ ಉರಿಯಲ್ಲಿ ಕುದಿಸಿ. ಏಳೆಂಟು ನಿಮಿಷ ಬೇಕು. ಚಮಚ ಎತ್ತಿ ಬೆಳಕಿಗೆ ಹಿಡಿದು ನೋಡಿ, ಒಂದು ಎಳೆಯೂ ಕಾಣಬಾರದು. ಎಳೆ ಉಳಿದರೆ ಅಷ್ಟು ಭಾಗ ಗಟ್ಟಿಯಾಗುವ ಕೆಲಸಕ್ಕೆ ಬರುವುದೇ ಇಲ್ಲ, ಕಪ್ಪಿನ ತಳದಲ್ಲಿ ನೀರು ನಿಲ್ತದೆ. ಕಡಿಮೆಯಾದ ನೀರಿನಷ್ಟು ಬಿಸಿನೀರು ಸೇರಿಸಿ.

ಪಕ್ಕದ ಒಲೆಯಲ್ಲಿ ಹಾಲು ಕುದಿಸಿ ಇಳಿಸಿ, ಕಂಡೆನ್ಸ್ಡ್ ಮಿಲ್ಕ್ ಕಲಸಿ. ಗಂಜಿಯಲ್ಲಿ ಮುಕ್ಕಾಲು ಪಾಲು ನುಣ್ಣಗೆ ಅರೆದು ಅದಕ್ಕೆ ಹಾಕಿ, ಉಳಿದ ಕಾಲು ಪಾಲು ಸಣ್ಣಗೆ ಹೆಚ್ಚಿ ಇಡಿ. ಈಗ ಬಿಸಿ ಹಾಲಿಗೆ ಬಿಸಿ ಚೈನಾ ಗ್ರಾಸನ್ನು ಜರಡಿ ಹಿಡಿದು ಹೊಯ್ದು ತಿರುಗಿಸಿ. ಎರಡೂ ಬಿಸಿ ಇರಲೇಬೇಕು. ಫ್ರಿಜ್ಜಿನ ತಣ್ಣನೆ ಹಾಲಿಗೆ ಹೊಯ್ದರೆ ಮುಟ್ಟಿದಲ್ಲೇ ಹೆಪ್ಪುಗಟ್ಟಿ ದಾರ ದಾರ ಆಗ್ತದೆ. ಹಾಗೆ ಆದರೆ ಹೆದರಬೇಡಿ, ಚೈನಾ ಗ್ರಾಸ್ ಮತ್ತೆ ಕಾಯಿಸಿದರೆ ಕರಗ್ತದೆ. ಆದರೆ ಎಳನೀರು ಸೇರಿದ ಹಾಲು ಜೋರಾಗಿ ಕುದಿದರೆ ಒಡೆಯಬಹುದು. ಹಾಗಾಗಿ ಸಣ್ಣ ಉರಿಯಲ್ಲಿ, ಕೈ ಬಿಡದೆ, ಹಬೆ ಏಳುವವರೆಗೆ ಮಾತ್ರ.

ಹೆಚ್ಚಿದ ಗಂಜಿ ಹಾಕಿ ಕಪ್ಪುಗಳಿಗೆ ಹೊಯ್ದು, ಬಿಸಿ ಆರಿದ ಮೇಲೆ ಫ್ರಿಜ್ಜಿಗೆ. ಮೂರು ಗಂಟೆ ಸಾಕು. ರಬ್ಬರಿನ ಹಾಗೆ ಜಗಿಯುವಂತಾದರೆ ಚೈನಾ ಗ್ರಾಸ್ ಹೆಚ್ಚಾಯ್ತು ಅಂತ ಅರ್ಥ, ಮುಂದಿನ ಸಲ 8 ಗ್ರಾಂ ಹಾಕಿ. ಎಳೆಯ ಬದಲು ಪುಡಿ ಸಿಕ್ಕಿದರೆ ಇದೇ ತೂಕ ಹಾಕಬೇಡಿ, ಪುಡಿಯ ಬಲ ಬೇರೆ, ಪ್ಯಾಕೆಟ್ಟಿನಲ್ಲಿ ಬರೆದ ಅಳತೆ ನೋಡಿ.

ಉಡುಪಿಯಿಂದ

ತಣ್ಣಗಿನದ್ದೇ ಆಗಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಯಗ್ರೀವ ಮಾಡಿ. ಸೋದೆಯ ವಾದಿರಾಜರು ಹಯಗ್ರೀವ ದೇವರಿಗೆ ಮಾಡುತ್ತಿದ್ದ ನೈವೇದ್ಯ ಅಂತ ನಂಬಿಕೆ ಇರುವ ತಿನಿಸು. ಪಾಕ ನೋಡಬೇಕಿಲ್ಲ, ಹಿಂದಿನ ದಿನ ಮಾಡಿ ಬಿಸಿಮಾಡಿದರೂ ರುಚಿ ಕೆಡುವುದಿಲ್ಲ, ಡಬ್ಬಿ ಓರೆಯಾದರೂ ಚಿಂತೆ ಇಲ್ಲ.

ಕಡಲೆಬೇಳೆ ಒಂದೂವರೆ ಕಪ್, ಪುಡಿ ಬೆಲ್ಲ ಅಷ್ಟೇ, ತುಪ್ಪ ಕಾಲು ಕಪ್ಪಿಗಿಂತ ತುಸು ಹೆಚ್ಚು, ಒಣಕೊಬ್ಬರಿ ತುರಿ ಅರ್ಧ ಕಪ್, ಹುರಿದ ಗಸಗಸೆ ಒಂದೂವರೆ ಚಮಚ, ನಾಲ್ಕು ಲವಂಗ, ಏಲಕ್ಕಿ, ಗೋಡಂಬಿ, ದ್ರಾಕ್ಷಿ. ಹಸಿ ತೆಂಗಿನತುರಿ ರುಚಿಯೇ ಹೌದು, ಆದರೆ ಮರುದಿನಕ್ಕೆ ಹಳಸುವ ಭಯ.

ಬೇಳೆ ಒಂದು ಗಂಟೆ ನೆನೆಸಿ, ಮೂರು ಪಟ್ಟು ನೀರು ಹಾಕಿ ಕುಕ್ಕರಿನಲ್ಲಿ ಎರಡು ಮೂರು ಸೀಟಿ ಕೂಗಿಸಿ. ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ. ನೋಡಲು ಇಡಿಯಾಗಿರಬೇಕು, ಒತ್ತಿದರೆ ನಡುವೆ ಬಿಳಿ ಗಟ್ಟಿ ಉಳಿಯದೆ ಹಿಸುಕಿ ಹೋಗಬೇಕು. ಈ ಪರೀಕ್ಷೆ ಆಗದೆ ಬೆಲ್ಲ ಮುಟ್ಟಬೇಡಿ. ಬೆಲ್ಲ ಬಿದ್ದ ಮೇಲೆ ಬೇಳೆ ಮುಂದೆ ಬೇಯುವುದಿಲ್ಲ, ಎಷ್ಟು ಹೊತ್ತು ಕುದಿಸಿದರೂ ಹಲ್ಲಿಗೆ ಸಿಗುತ್ತದೆ. ಕಟ್ಟು ಬಸಿದು ಸಾರಿಗೆ ಇಟ್ಟುಕೊಳ್ಳಿ.

ಬೆಲ್ಲಕ್ಕೆ ಅರ್ಧ ಕಪ್ ನೀರು ಹಾಕಿ ಕರಗಿಸಿ ಸೋಸಿ, ಕಲ್ಲು ಮಣ್ಣು ಇದ್ದೇ ಇರುತ್ತದೆ. ಬೇಳೆ ಸೇರಿಸಿ ಮಧ್ಯಮ ಉರಿಯಲ್ಲಿ ಕುದಿಸಿ, ತುಪ್ಪ ಎರಡು ಸಲಕ್ಕೆ ಹಾಕಿ. ಸೌಟಿನಿಂದ ನಿಧಾನಕ್ಕೆ ಬೀಳುವಷ್ಟು ಸಡಿಲ ಇರುವಾಗಲೇ ಇಳಿಸಿ, ಆರುತ್ತಾ ಗಟ್ಟಿಯಾಗುತ್ತದೆ. ಪಾತ್ರೆಯಲ್ಲೇ ಗಟ್ಟಿಯಾಗುವವರೆಗೆ ಕಾದರೆ ಹೂರಣವಾಗುತ್ತದೆ. ಶನಿವಾರ ಅವರ ಮನೆಯಲ್ಲಿ ಎರಡು ಚಮಚ ಬಿಸಿನೀರು, ಒಂದು ಚಮಚ ತುಪ್ಪ ಹಾಕಿ ಐದು ನಿಮಿಷ ಬಿಸಿಮಾಡಿದರೆ ಸಾಕು.

ದುಬೈಯಿಂದ

ಗಲ್ಫಿನಲ್ಲಿರೋರು ಗಸಗಸೆ ಬಿಟ್ಟೇ ಮಾಡಿ, ಊರಿಂದ ತರಿಸಲೂ ಹೋಗಬೇಡಿ. ಯುಎಇಯಲ್ಲಿ ಅದು ನಿಷಿದ್ಧ, ಬ್ಯಾಗಿನಲ್ಲಿ ಸಿಕ್ಕರೆ ದೊಡ್ಡ ತೊಂದರೆ. ಹುರಿದ ಬಿಳಿ ಎಳ್ಳು ಒಂದು ಚಮಚ ಹಾಕಬಹುದು.

ಬೆಂಗಳೂರಿನಿಂದ

ಬೆಂಗಾಲಿಗಳ ಭಾಪಾ ದೋಯಿಯೂ ನೆನಪಿರಲಿ, ಹಬೆಯಲ್ಲಿ ಬೇಯಿಸಿದ ಸಿಹಿ ಮೊಸರು. ಎರಡು ಗಂಟೆ ಕಟ್ಟಿದ ಮೊಸರು 400 ಗ್ರಾಂ, ಕಂಡೆನ್ಸ್ಡ್ ಮಿಲ್ಕ್ 400 ಗ್ರಾಂ, ಕಾಯಿಸಿ ಆರಿಸಿದ ಹಾಲು 200 ಎಂಎಲ್. ನೊರೆ ಬರದ ಹಾಗೆ ಮೆಲ್ಲಗೆ ಕಲಸಿ, ಸಣ್ಣ ಬಟ್ಟಲುಗಳಿಗೆ ಹೊಯ್ದು, ಮೇಲೆ ಫಾಯಿಲ್ ಬಿಗಿದು, ಇಡ್ಲಿ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ 20 ನಿಮಿಷ. ಫಾಯಿಲ್ ಇಲ್ಲದಿದ್ದರೆ ಮುಚ್ಚಳದ ನೀರು ತೊಟ್ಟಿಕ್ಕಿ ಮೇಲೆಲ್ಲ ಗುಳಿ. ಉರಿ ಜೋರಾದರೆ ಒಳಗೆ ತೂತು ತೂತಾಗಿ ನೀರು ಬಿಡುತ್ತೆ. ಅಂಚು ಗಟ್ಟಿಯಾಗಿ ನಡುಭಾಗ ಸ್ವಲ್ಪ ಅಲುಗುವಾಗಲೇ ತೆಗೀರಿ, ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ.

ಇನ್ನು ಒಯ್ಯೋದು, ಬಡಿಸೋದು. ಯಾವುದೇ ಮಾಡಿದರೂ ದೊಡ್ಡ ಪಾತ್ರೆಗಿಂತ 120 ಎಂಎಲ್‌ನ ಎಂಟು ಬಟ್ಟಲಿಗೆ ಹಾಕಿದರೆ ಅರ್ಧ ಅಂದ ಅಲ್ಲೇ ಬಂತು. ಹಯಗ್ರೀವಕ್ಕೆ ಮಾತ್ರ ಒಂದೇ ಸ್ಟೀಲ್ ಡಬ್ಬಿ ಸಾಕು. ಬಟ್ಟಲುಗಳಿಗೆ ಮುಚ್ಚಳ ಇರಲಿ, ಇಲ್ಲದಿದ್ದರೆ ಫಾಯಿಲ್. ಚಪ್ಪಟೆ ತಳದ ರಟ್ಟಿನ ಪೆಟ್ಟಿಗೆಯಲ್ಲಿ ಮಧ್ಯೆ ಬಟ್ಟೆ ತುರುಕಿ ಜೋಡಿಸಿ. ಪೆಟ್ಟಿಗೆ ಆಟೋದ ಸೀಟಿನ ಮೇಲಲ್ಲ, ಕಾಲ ಬಳಿ ನೆಲದ ಮೇಲೆ ಇರಲಿ. ಪಕ್ಕದಲ್ಲಿ ಫ್ರೀಜರಿನಲ್ಲಿ ಗಟ್ಟಿಯಾದ ಎರಡು ನೀರಿನ ಬಾಟಲಿ. ಅವರ ಫ್ರಿಜ್ಜಿನಲ್ಲಿ ಒಂದು ಸಾಲು ಖಾಲಿ ಮಾಡಿಡಲು ಬೆಳಗ್ಗೆಯೇ ಗೆಳತಿಗೆ ಹೇಳಿಬಿಡಿ.

ಅಲಂಕಾರ ಮನೆಯಲ್ಲೇ ಮಾಡಬೇಡಿ. ರಾತ್ರಿಯಿಡೀ ಒದ್ದೆಯಲ್ಲಿ ಕೂತ ಪಿಸ್ತಾ ಮೆತ್ತಗಾಗುತ್ತೆ, ಹುರಿದ ಗೋಡಂಬಿ ಗರಿ ಕಳೆದುಕೊಳ್ಳುತ್ತೆ. ಉಪ್ಪಿಲ್ಲದ ಪಿಸ್ತಾವನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಹಾಕಿ, ಬಟ್ಟೆಯಲ್ಲಿ ಉಜ್ಜಿದರೆ ಸಿಪ್ಪೆ ಬರುತ್ತೆ, ಒಳಗಿನ ಹಸಿರು ಎದ್ದು ಕಾಣುತ್ತೆ. ಉದ್ದಕ್ಕೆ ಸೀಳಿ, ಪೂರ್ತಿ ಒಣಗಿಸಿ, ಬೇರೆ ಡಬ್ಬಿಯಲ್ಲಿ ಒಯ್ದು ಬಡಿಸೋ ಹೊತ್ತಿಗೆ ಉದುರಿಸಿ. ಶ್ರೀಖಂಡಕ್ಕೂ ಭಾಪಾ ದೋಯಿಗೂ ಪಿಸ್ತಾ, ಹಯಗ್ರೀವಕ್ಕೆ ಗೋಡಂಬಿ. ಎಳನೀರು ಪುಡ್ಡಿಂಗಿಗೆ ಏನೂ ಬೇಡ, ಅದರ ಬಿಳಿಯೇ ಚೆಂದ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಎಳನೀರು ಪುಡ್ಡಿಂಗ್ ಮಾಡ್ತೀನಿ. ಚೈನಾ ಗ್ರಾಸ್ ಎಲ್ಲಿ ಸಿಗುತ್ತೆ? ಎಳನೀರು ಯಾವಾಗ ಕೆತ್ತಿಸಬೇಕು?

ಮಂಗಳೂರಿನಿಂದ

ದೊಡ್ಡ ದಿನಸಿ ಅಂಗಡಿಯಲ್ಲಿ, ಸೂಪರ್ ಮಾರ್ಕೆಟಿನಲ್ಲಿ ಜೆಲ್ಲಿ ಪ್ಯಾಕೆಟ್ ಇಡುವ ಸಾಲಿನಲ್ಲೇ ಇರ್ತದೆ. ಹೆಸರು ‘ಅಗರ್ ಅಗರ್’ ಅಂತ ಇದ್ದರೂ ಅದೇ. ಬೊಂಡವನ್ನು ಮಾಡುವ ದಿನವೇ ಕೆತ್ತಿಸಿ, ಗಂಜಿ ಕೂಡಲೇ ಫ್ರಿಜ್ಜಿಗೆ. ತೆರೆದ ಎಳನೀರು ಹೊರಗಿದ್ದರೆ ಸಂಜೆಯೊಳಗೆ ಹುಳಿ ಬರ್ತದೆ, ಆ ಹುಳಿಗೆ ಹಾಲು ಒಡೀತದೆ. ಹಾಕುವ ಮೊದಲು ಒಂದು ಗುಟುಕು ಕುಡಿದು ನೋಡಿ.