ಪದಚರ್ಚೆ: ಸನ್‌ಬರ್ಸ್ಟ್, ಫ್ಲೇಮ್ ಟಾಪ್, ರೆಲಿಕ್ – ಗಿಟಾರ್ ಫಲಕಕ್ಕೆ ಕನ್ನಡ ಬೇಕು, ಬುಧವಾರದೊಳಗೆ

ಬೆಂಗಳೂರಿನಿಂದ:

ಬಳಗಕ್ಕೆ ನಮಸ್ಕಾರ. ತುರ್ತು ಕೋರಿಕೆ. ವಾದ್ಯದ ಅಂಗಡಿಯೊಂದರ ಎಲೆಕ್ಟ್ರಿಕ್ ಗಿಟಾರ್ ಗೋಡೆಗೆ ಕನ್ನಡ ಫಲಕಗಳಾಗಬೇಕು. ನಾದ, ಪಿಕಪ್, ಆಂಪ್ ಯಾವುದೂ ಇಲ್ಲ, ಬರೀ ನೋಟ. ಯಾರ ಕಣ್ಣಿಗೆ ಎಂಥದು ಹಿಡಿಸುತ್ತದೋ ಅವರು ನೇರ ಅಲ್ಲಿಗೆ ಹೋಗಲಿ ಎಂಬ ಉದ್ದೇಶ. ಫಲಕದ ಅಗಲ 12 ಅಂಗುಲ. ತಲೆಬರಹ ಒಂದೇ ಸಾಲು, ಕೆಳಗೆ ಎರಡು ಸಾಲು ವಿವರಣೆ. ಬುಧವಾರ ಸಂಜೆ ಅಕ್ಷರ ಕತ್ತರಿಸಲು ಕೊಡಬೇಕು.

ಬೇಕಿರುವುದು: ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಗಾಢವಾಗುವ ಬಣ್ಣ), ಗೋಲ್ಡ್‌ಟಾಪ್, ಫ್ಲೇಮ್ ಟಾಪ್, ರೆಲಿಕ್, ಇವೆಲ್ಲಕ್ಕೂ ಮೇಲೆ ಬರುವ ‘ಫಿನಿಶ್’ (ಮರದ ಮೇಲಿನ ಲೇಪ, ಅದರ ನೋಟ). ಮೊದಲು ಈ ಕೆಲಸ ಮಾಡಿದವರು ಕೊಟ್ಟುಹೋದದ್ದು ಕ್ರಮವಾಗಿ ಸೂರ್ಯಸ್ಫೋಟ, ಸ್ವರ್ಣಶಿಖರ, ಜ್ವಾಲಾಶಿಖರ, ಅವಶೇಷ, ಮುಕ್ತಾಯ. ‘ಮುಕ್ತಾಯ’ ಎಂಬ ಫಲಕದ ಕೆಳಗೆ ಹೊಸ ಗಿಟಾರ್ ತೂಗುಹಾಕಲು ಅಂಗಡಿಯವರು ಒಪ್ಪುತ್ತಿಲ್ಲ.

ಧಾರವಾಡದಿಂದ:

ಒಪ್ಪದಿರುವುದು ಅವರ ಪುಣ್ಯ.

ಫಿನಿಶ್ = ಮೆರುಗು. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಮೆರೆ ಎಂಬ ಧಾತು ಹಳಗನ್ನಡದಲ್ಲಿ ಶಕಟರೇಫದ್ದು (ಈಗ ಬಿಟ್ಟುಹೋದ ಗಡಸು ರಕಾರ), ಮೆಱೆ. ತೆಲುಗರಲ್ಲೂ ಮೆಱುಗು. ಕಾಣಿಸಿಕೊಳ್ಳುವುದು, ಹೊಳೆಯುವುದು ಎರಡೂ ಅದರಲ್ಲಿವೆ. ಗಿಟಾರ್ ಗೋಡೆಯಲ್ಲಿ ಮಾಡುವುದೂ ಅದನ್ನೇ.

ಸನ್‌ಬರ್ಸ್ಟ್ = ಅಂಚುಗಪ್ಪು. ಗೋಲ್ಡ್‌ಟಾಪ್ = ಹೊಂಬಣ್ಣ. ಯಾರಾದರೂ ‘ಅಂಚುವರ್ಣ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಜೋಡುಪದ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ಬಿಟ್ಟುಕೊಟ್ಟ ವಿನಾಯಿತಿ ಅಂಗಡಿ ಫಲಕಕ್ಕೆ ಅನ್ವಯಿಸುವುದಿಲ್ಲ.

ಶಿರಸಿಯಿಂದ:

ಅಂಚುಗಪ್ಪು ಕಿವಿಗೆ ಚೆನ್ನ, ಗೋಡೆಯ ಮೇಲೆ ಅರ್ಧ ಸುಳ್ಳು. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ 1954ರಲ್ಲಿ ಬಂದಾಗ ಎರಡು ಬಣ್ಣದ ಬರ್ಸ್ಟ್: ನಡುವೆ ಜೇನು, ಅಂಚಿಗೆ ಕಪ್ಪು. 1958ರಲ್ಲಿ ನಡುವಿಗೂ ಅಂಚಿಗೂ ಮಧ್ಯೆ ಕೆಂಪು ಸೇರಿ ಮೂರಾಯಿತು. ಇವಕ್ಕೆ ಅಂಚುಗಪ್ಪು ಸಲ್ಲುತ್ತದೆ. ಆದರೆ ಅದೇ 1958ರಲ್ಲಿ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿಗೆ ಬಂದದ್ದು ಚೆರ್ರಿ ಸನ್‌ಬರ್ಸ್ಟ್, ಹಳದಿ ನಡು, ಕೆಂಪು ಅಂಚು. ಕಪ್ಪೇ ಇಲ್ಲ. ಗೋಡೆಯಲ್ಲಿ ಎರಡೂ ಬಗೆ ಇದ್ದರೆ ಒಂದೇ ಹೆಸರು ನಿಲ್ಲುವುದಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಅಂದಿನ ಕೆಂಪು ಬಣ್ಣ ಬಿಸಿಲಿಗೆ ತಡೆಯುತ್ತಿರಲಿಲ್ಲ. ಕಿಟಕಿಗೆ ಎದುರಾಗಿದ್ದ ಗಿಟಾರಿನಲ್ಲಿ ಅದು ಹಾರಿಹೋಗಿ ಕಂದೋ ಬರೀ ಹಳದಿಯೋ ಉಳಿಯಿತು. ಪೆಟ್ಟಿಗೆಯಲ್ಲೇ ಇದ್ದದ್ದರಲ್ಲಿ ಕೆಂಪು ಹಾಗೇ ಇದೆ. ಸಂಗ್ರಾಹಕರು ಪ್ರಾಣ ಬಿಡುವ ‘ಲೆಮನ್’, ‘ಐಸ್ಡ್ ಟೀ’ ಎಂಬ ಛಾಯೆಗಳೆಲ್ಲ ಹೀಗೆ ಬಣ್ಣ ಬಿಟ್ಟುದರ ಫಲ. 1960ರಲ್ಲಿ ಬಣ್ಣ ಬಿಡದ ಕೆಂಪು ಹಾಕಿದರು. ಅದನ್ನು ಕಂಡರೆ ಈಗ ಅದೇ ಜನ ಮೂಗು ಮುರಿಯುತ್ತಾರೆ. ಅಭಿರುಚಿ ಅಂದರೆ ಅದು.

ಹಾಗಾಗಿ ತಲೆಬರಹ ‘ಸನ್‌ಬರ್ಸ್ಟ್’ ಎಂದೇ ಇರಲಿ. ವಿವರಣೆಯ ಸಾಲಿನಲ್ಲಿ ಅಂಚುಗಪ್ಪು, ಅಂಚುಗೆಂಪು ಎಂದು ಬೇರೆ ಮಾಡಿ. ವಿವರಣೆ ಬರೆಯುವಾಗ ಬಣ್ಣ ‘ಒಳಗಿನಿಂದ ಚಿಮ್ಮುತ್ತದೆ’ ಎಂದೆಲ್ಲ ಬರೆಯಬೇಡಿ. ಕೆಲಸ ನಡೆಯುವುದು ತಿರುವುಮುರುವಾಗಿ. ಮೊದಲು ಮೈಗೆಲ್ಲ ಹಳದಿ, ಆಮೇಲೆ ಅಂಚಿಗಷ್ಟೇ ಗಾಢ. ಸ್ಪ್ರೇ ಗನ್ನಿನ ಮೂತಿ ಯಾವಾಗಲೂ ನಡುವಿನಿಂದ ಹೊರಕ್ಕೆ ಓರೆಯಾಗಿರಬೇಕು. ಒಳಮುಖ ಮಾಡಿದರೆ ಹಾರಿದ ಹನಿ ಹಳದಿಯ ಮೇಲೆ ಕೂತು ಮಚ್ಚೆ ಬೀಳುತ್ತದೆ. ಆ ಮಚ್ಚೆ ಉಜ್ಜಲು ಹೋದರೆ ಹಳದಿಯೂ ಕಿತ್ತುಬರುತ್ತದೆ. ಅಂಚಿನ ಕಪ್ಪು ಬರೀ ಚೆಂದಕ್ಕಲ್ಲ, ಹಲಗೆಗಳ ಸೇರುವೆಯನ್ನೂ ಮುಚ್ಚುತ್ತದೆ.

ಮೆರುಗಿನ ಬಗ್ಗೆ: ಮಂದ ಹೊಳಪಿನ ಸ್ಯಾಟಿನ್ ಫಿನಿಶ್, ಹೊಳಪಿಲ್ಲದ ಮ್ಯಾಟ್ ಫಿನಿಶ್ ಬಂದಾಗ ಏನು ಮಾಡುತ್ತೀರಿ? ‘ಮೆರುಗಿಲ್ಲದ ಮೆರುಗು’? ‘ಬಣ್ಣಲೇಪ’ ಹಾಕಿ, ಎರಡಕ್ಕೂ ಆಗುತ್ತದೆ.

ಧಾರವಾಡದಿಂದ:

> ‘ಬಣ್ಣಲೇಪ’ ಹಾಕಿ

ಬಣ್ಣ ಕನ್ನಡ, ಲೇಪ ಸಂಸ್ಕೃತ. ಮೇಲೆ ಹೇಳಿದ್ದನ್ನು ಓದಿಲ್ಲ.

ಶಿರಸಿಯಿಂದ:

ಬಣ್ಣವೂ ವರ್ಣದ ತದ್ಭವವೇ. ಮುಂದಕ್ಕೆ ಹೋಗೋಣ.

ಮೈಸೂರಿನಿಂದ:

ಇಬ್ಬರೂ ಬೇಡದ ಕಡೆ ಜಗಳವಾಡುತ್ತಿದ್ದೀರಿ. ಈ ಹಳೆಯ ಗಿಟಾರುಗಳಿಗೆ ಬಳಿದದ್ದು ಲ್ಯಾಕರ್. ಆ ಪದದ ಜಾತಕ ನೋಡಿ: ಪೋರ್ಚುಗೀಸರ ಲಾಕಾ, ಅದಕ್ಕೆ ಹಿಂದೆ ಅರಬ್ಬರ ಲಕ್, ಪಾರಸಿಯ ಲಾಕ್, ಕೊನೆಗೆ ನಮ್ಮ ಲಾಕ್ಷಾ. ಅವರು ನಮ್ಮಲ್ಲಿಂದ ಒಯ್ದ ಪದವನ್ನು ನಾವು ಕೈಯೊಡ್ಡಿ ವಾಪಸು ಪಡೆಯಬೇಕೆ? ಚನ್ನಪಟ್ಟಣದವರು ಕಡೆತದ ಮರಕ್ಕೆ ಇಂದಿಗೂ ಅರಗು ಹಚ್ಚುತ್ತಾರೆ. ಫಿನಿಶ್‌ಗೆ ‘ಅರಗುಮೆರುಗು’ ಎನ್ನಿ. ಎರಡೂ ಆಡುಮಾತು, ಸಮಾಸದ ತಕರಾರೂ ಏಳುವುದಿಲ್ಲ.

ಹಾಗೆಯೇ ತಂತಿಯನ್ನು ಬೆರಳಿನಿಂದ ಒತ್ತುವ ಫಿಂಗರ್‌ಬೋರ್ಡಿನ ಮರಕ್ಕೆ ‘ರೋಸ್‌ವುಡ್’ ಎಂದು ಬರೆದರೆ ನಾಚಿಕೆಗೇಡು. ಅದು ಬೀಟೆ. ನಮ್ಮ ಕಾಡಿನ ಮರಕ್ಕೆ ನಮ್ಮ ಹೆಸರಿದೆ. ಕ್ವಿಲ್ಟ್ ಮೇಪಲ್ ಮರವಿದ್ದರೆ ‘ಕೌದಿ ಮೇಪಲ್’ ಎಂದೂ ಮಾಡಬಹುದು.

ಶಿರಸಿಯಿಂದ:

ಅರಗುಮೆರುಗು ಬೇಡವೇ ಬೇಡ. ನೈಟ್ರೊಸೆಲ್ಯುಲೋಸ್ ಲ್ಯಾಕರಿನಲ್ಲಿ ಅರಗಿನ ಒಂದು ಹನಿಯೂ ಇಲ್ಲ. ಹೆಸರಷ್ಟೇ ಉಳಿದಿದೆ, ವಸ್ತು ಬೇರೆ. ಇಂದಿನ ಹೆಚ್ಚಿನ ಗಿಟಾರುಗಳ ಮೇಲಿರುವುದು ಲ್ಯಾಕರೂ ಅಲ್ಲ, ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್. ಅರಗು ಸ್ಪಿರಿಟ್‌ಗೆ ಕರಗುತ್ತದೆ, ನೈಟ್ರೊ ಥಿನ್ನರಿಗೆ ಕರಗುತ್ತದೆ, ಪಾಲಿಯೆಸ್ಟರ್ ಎರಡಕ್ಕೂ ಜಗ್ಗುವುದಿಲ್ಲ. ಫಲಕದಲ್ಲಿ ‘ಅರಗು’ ಓದಿದ ಗಿರಾಕಿ ಗೀರು ಮುಚ್ಚಿಸಲು ಪೀಠೋಪಕರಣದ ಪಾಲಿಷ್‌ನವರ ಹತ್ತಿರ ಹೋದರೆ ಆಗುವ ನಷ್ಟಕ್ಕೆ ಪದ ಕೊಟ್ಟವರು ಹೊಣೆ.

ಅಂದಹಾಗೆ, ಫಲಕಕ್ಕಿಂತ ಮೊದಲು ಗೋಡೆಯ ಕೊಕ್ಕೆಗಳನ್ನು ನೋಡಲು ಹೇಳಿ. ಸಾಮಾನ್ಯ ರಬ್ಬರ್ ಸುತ್ತಿದ ಕೊಕ್ಕೆಯಲ್ಲಿ ನೈಟ್ರೊ ಗಿಟಾರ್ ತೂಗಿಬಿಟ್ಟರೆ ಕತ್ತು ತಲೆಗೆ ಸೇರುವಲ್ಲಿ ಲೇಪ ಮೆತ್ತಗಾಗಿ ಅಚ್ಚು ಬೀಳುತ್ತದೆ. ಹತ್ತಿ ಬಟ್ಟೆ ಸುತ್ತಿದರೆ ಸಾಕು.

ಬೀಟೆ ಸರಿ, ಒಂದು ಷರತ್ತಿನ ಮೇಲೆ: ಮರ ಇಂಡಿಯನ್ ರೋಸ್‌ವುಡ್ ಆಗಿದ್ದರೆ ಮಾತ್ರ. ಬ್ರೆಜಿಲಿನದು ಅದೇ ಕುಲದ ಬೇರೆ ಜಾತಿ. 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರದ ಮೇಲಿನ ಸೈಟೀಸ್ ಒಪ್ಪಂದ ಅದರ ವ್ಯಾಪಾರಕ್ಕೆ ತಡೆ ಹಾಕಿದೆ. ಹಳೆಯ ಗಿಟಾರ್ ಒಂದಾದರೂ ಗೋಡೆಯಲ್ಲಿದ್ದರೆ ಕೇಳಿ ತಿಳಿದು ಬರೆಯಿರಿ.

ಕೌದಿ ಬೇಡ. ಕೌದಿಯಲ್ಲಿ ಹೊಲಿಗೆ ಸಾಲಾಗಿ ಹೋಗುತ್ತದೆ. ಕ್ವಿಲ್ಟ್ ಮೇಪಲ್‌ನಲ್ಲಿ ಸಾಲೇ ಇಲ್ಲ, ಉಬ್ಬಿದಂತೆ ಕಾಣುವ ಗುಳ್ಳೆಗಳಿವೆ.

ಈಗ ಫ್ಲೇಮ್. ‘ಜ್ವಾಲೆ’ ಯಾಕೆ ಬೇಡ ಅಂದರೆ, ನೋಡುವವ ಬೆಂಕಿಯ ಚಿತ್ರ ಹುಡುಕುತ್ತಾನೆ, ಕಾಣುವುದು ಅಡ್ಡಪಟ್ಟೆ. ಮೇಪಲ್‌ನ ನಾರು ನೆಟ್ಟಗೆ ಬೆಳೆಯದೆ ಅಲೆಅಲೆಯಾಗಿ ಬೆಳೆದಿರುತ್ತದೆ. ಹಲಗೆ ಸೀಳಿದಾಗ ಒಂದು ಪಟ್ಟೆಯಲ್ಲಿ ನಾರಿನ ಮೈ ಮೇಲೆ ಬರುತ್ತದೆ, ಪಕ್ಕದ ಪಟ್ಟೆಯಲ್ಲಿ ನಾರಿನ ತುದಿ. ತುದಿ ಬಣ್ಣ ಕುಡಿಯುತ್ತದೆ, ಮೈ ಅಷ್ಟು ಕುಡಿಯುವುದಿಲ್ಲ. ಅದಕ್ಕೇ ನೀರಿನಲ್ಲಿ ಕದಡಿದ ಕಪ್ಪು ಡೈ ಹಚ್ಚಿ, ಒಣಗಿಸಿ, 320ರ ಮರಳುಕಾಗದದಿಂದ ಉಜ್ಜುತ್ತಾರೆ. ಕಪ್ಪು ತುದಿಗಳಲ್ಲಿ ಮಾತ್ರ ಉಳಿಯುತ್ತದೆ. ಅದರ ಮೇಲೆ ಜೇನುಬಣ್ಣವೋ ನೀಲಿಯೋ ಹಚ್ಚಿದರೆ ಪಟ್ಟೆ ಎದ್ದು ಕಾಣುತ್ತದೆ. ಕೆಡುವುದು ಎರಡು ಕಡೆ: ಸೇರುವೆಯಲ್ಲಿ ಒಸರಿದ ಅಂಟನ್ನು ಪೂರ್ತಿ ತೆಗೆಯದಿದ್ದರೆ ಅಲ್ಲಿ ಡೈ ಹಿಡಿಯದೆ ಬಿಳಿ ಕಲೆ ಉಳಿಯುತ್ತದೆ, ಅಂಚಿನಲ್ಲಿ ಹೆಚ್ಚು ಉಜ್ಜಿದರೆ ಪಟ್ಟೆಯೇ ಮಾಯ.

ಆದ್ದರಿಂದ ‘ಅಲೆನಾರು’. ಟಾಪ್ ಅಂದರೆ ಶಿಖರ ಅಲ್ಲ, ಮೇಲ್ಹಲಗೆ. ‘ಅಲೆನಾರಿನ ಮೇಲ್ಹಲಗೆ’. ಗೋಡೆಯ ಅಗ್ಗದ ಸಾಲಿನಲ್ಲಿ ಮರದ ಬದಲು ಛಾಪಿಸಿದ ಹಾಳೆ ಅಂಟಿಸಿದ್ದೂ ಇರುತ್ತದೆ. ಗಿಟಾರನ್ನು ದೀಪದ ಕೆಳಗೆ ಓರೆ ಮಾಡಿ ನೋಡಿ. ನಿಜವಾದ ಅಲೆಯಲ್ಲಿ ಕಪ್ಪು–ಬಿಳುಪು ಪಟ್ಟೆಗಳು ಜಾಗ ಬದಲಾಯಿಸುತ್ತವೆ. ಹಾಳೆಯದು ಇದ್ದಲ್ಲೇ ಇರುತ್ತದೆ. ಅದಕ್ಕೆ ‘ಅಚ್ಚಿನ ಅಲೆ’ ಎಂದು ಬೇರೆ ಫಲಕ ಹಾಕುವ ಧೈರ್ಯ ಅಂಗಡಿಯವರಿಗಿದ್ದರೆ ಒಳ್ಳೆಯದು.

ಧಾರವಾಡದಿಂದ:

ಅಲೆನಾರು ಒಪ್ಪಿದೆ. ಅಪರೂಪ.

ಕ್ಯಾಲಿಫೋರ್ನಿಯಾದಿಂದ:

ರೆಲಿಕ್ ಬಗ್ಗೆ ಯಾರೂ ಬಾಯಿಬಿಟ್ಟಿಲ್ಲ, ಕಷ್ಟದ್ದು ಅದೇ. ‘ಅವಶೇಷ’ ಅಂದರೆ ಒಡೆದು ಉಳಿದದ್ದು. ‘ಹಳತು’ ಎಂದರೆ ನಿಜವಾಗಿ ಹಳೆಯದಾದ ವಿಂಟೇಜ್ ಗಿಟಾರಿನ ಜೊತೆ ಬೆರೆತುಹೋಗುತ್ತದೆ. ಇದು ಹೊಸ ಗಿಟಾರ್. ಕಾರ್ಖಾನೆಯಲ್ಲೇ ಉಜ್ಜಿ, ಕೆತ್ತಿ, ಬಣ್ಣ ಕಳೆದು ಹಳೆಯದರಂತೆ ಮಾಡಿದ್ದು. ಫೆಂಡರ್ ಕಸ್ಟಮ್ ಶಾಪ್ 1995ರಿಂದ ಇದನ್ನು ಮಾರುತ್ತಿದೆ. ಅದರಲ್ಲೂ ದರ್ಜೆಗಳಿವೆ: ಪೆಟ್ಟಿಗೆಯಲ್ಲೇ ಇಟ್ಟು ಮಾಸಿದಂತೆ ಕಾಣುವ ‘ಕ್ಲಾಸೆಟ್ ಕ್ಲಾಸಿಕ್’, ಊರೂರು ತಿರುಗಿ ನುಡಿಸಿದಂತೆ ಕಾಣುವ ‘ರೆಲಿಕ್’, ಚರ್ಮ ಸುಲಿದಂತಿರುವ ‘ಹೆವಿ ರೆಲಿಕ್’.

ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಟ್ಟಿಸಬೇಕಾಗಿಯೇ ಇಲ್ಲ. ಪ್ರೇರಣಾರ್ಥಕ ಇದೆಯಲ್ಲ. ನುಡಿಸಿ ನುಡಿಸಿ ತಾನೇ ಸವೆದರೆ ‘ಸವೆದ ಗಿಟಾರ್’, ಯಾರೋ ಕೂತು ಮಾಡಿದ್ದಾದರೆ ‘ಸವೆಸಿದ ಗಿಟಾರ್’. ಒಂದೇ ಪ್ರತ್ಯಯ ಗಿರಾಕಿಗೆ ಸತ್ಯ ಹೇಳಿಬಿಡುತ್ತದೆ. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ.

ವಿವರಣೆಯ ಎರಡು ಸಾಲಿಗೆ ಬೇಕಾದದ್ದು: ನಿಜವಾದ ಸವೆತ ನಾಲ್ಕು ಕಡೆ. ಬಲ ಮುಂಗೈ ಒರಗುವ ಮೇಲಂಚು, ಬೆಲ್ಟಿನ ಬಕಲ್ ತಾಗುವ ಬೆನ್ನು, ಹೆಬ್ಬೆರಳು ಜಾರುವ ಕತ್ತಿನ ಹಿಂಭಾಗ, ಮೀಟುವ ಪಿಕ್ ತಾಗುವ ತಂತಿಯ ಅಡಿ. ಕೆಟ್ಟ ಕೆಲಸಗಾರ ಕೈ ಎಂದೂ ತಾಗದ, ಗಿಟಾರಿನ ಮೈಯಿಂದ ಚಾಚಿದ ಕೊಂಬಿನ ಒಳಮಗ್ಗುಲಲ್ಲಿ ಮರ ತೋರಿಸುತ್ತಾನೆ. ಅಲ್ಲೇ ಸಿಕ್ಕಿಬೀಳುತ್ತಾನೆ. ಕೂದಲೆಳೆಯ ಬಿರುಕುಗಳು ನೈಟ್ರೊದಲ್ಲಿ ಮಾತ್ರ ಸಹಜ, ಏಕೆಂದರೆ ಚಳಿಗೆ ಮರವೂ ಲೇಪವೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ದಪ್ಪ ಪಾಲಿಯೆಸ್ಟರ್ ಹಾಗೆ ಬಿರಿಯುವುದಿಲ್ಲ, ಚಕ್ಕೆ ಏಳುತ್ತದೆ.

ಗೋಲ್ಡ್‌ಟಾಪ್‌ಗೆ ‘ಹೊಂಬಣ್ಣ’ ಸರಿಯೇ. 1952ರ ಮೊದಲ ಲೆಸ್ ಪಾಲ್‌ಗೆ ಹಚ್ಚಿದ್ದು ಲ್ಯಾಕರಿನಲ್ಲಿ ಕಲಸಿದ ಕಂಚಿನ ಪುಡಿ. ಮೇಲಿನ ಲೇಪ ಸವೆದು ಬೆವರು ತಾಗಿದಲ್ಲಿ ಹಸಿರು ಏರುತ್ತದೆ. ಅದಕ್ಕೆ ಪದ ಹುಡುಕಬೇಡಿ, ತಾಮ್ರದ ಬಿಂದಿಗೆ ಕಂಡ ಎಲ್ಲರಿಗೂ ಗೊತ್ತು: ಕಿಲುಬು. ಆ ಕಿಲುಬನ್ನೂ ಹಣ ಕೊಟ್ಟು ಹಾಕಿಸಿಕೊಳ್ಳುವವರಿದ್ದಾರೆ.

ಕಾರಿನ ಬಣ್ಣದ ಹೆಸರುಗಳನ್ನು ದಯವಿಟ್ಟು ಮುಟ್ಟಬೇಡಿ. ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡ್‌ನದು, ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲಾಕ್‌ನದು. ಫೆಂಡರ್ ಡುಪಾಂಟ್ ಕಂಪನಿಯ ಕಾರಿನ ಬಣ್ಣವನ್ನೇ ತಂದು ಹೊಡೆದು, 5 ಶೇಕಡ ಹೆಚ್ಚು ಬೆಲೆ ಹಾಕುತ್ತಿತ್ತು. ಅವು ಅಂಕಿತನಾಮ. ‘ಹಬ್ಬಗೆಂಪು’, ‘ಶಾಂತಸರೋವರ ನೀಲಿ’ ಎಂದು ಮಾಡಿದರೆ ಗಿರಾಕಿ ಅಂತರ್ಜಾಲದಲ್ಲಿ ಹುಡುಕಿ ಏನೂ ಕಾಣದೆ ಹೊರಟುಹೋಗುತ್ತಾನೆ.

ಮೈಸೂರಿನಿಂದ:

‘ಸವೆಸಿದ’ ಚೆನ್ನಾಗಿದೆ. ಆದರೆ ಅಂಕಿತನಾಮ ಎಂಬ ಬಾಗಿಲು ತೆರೆದರೆ ಇಡೀ ಇಂಗ್ಲಿಷ್ ಒಳಗೆ ಬರುತ್ತದೆ. ಇವತ್ತು ಬಣ್ಣದ ಹೆಸರು, ನಾಳೆ ‘ಬ್ರಿಡ್ಜ್’, ನಾಡಿದ್ದು ‘ನಟ್’. ವೀಣೆಗೆ ಕುದುರೆ ಇದೆ, ಮೆಟ್ಟಿಲು ಇದೆ, ಬಿರಡೆ ಇದೆ. ಗಿಟಾರಿಗೆ ಏಕಿಲ್ಲ? ನಾಮಫಲಕದಲ್ಲಿ 60 ಶೇಕಡ ಕನ್ನಡ ಎಂದು ಕಾನೂನು ಮಾಡಿದ್ದು ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆಯಲಿಕ್ಕಲ್ಲ.

ಕ್ಯಾಲಿಫೋರ್ನಿಯಾದಿಂದ:

ಕುದುರೆ, ಬಿರಡೆ ಖಂಡಿತ ಬಳಸಿ. ಭಾಗಕ್ಕೆ ಪದವಿದ್ದರೆ ಬಳಸುವುದು ಬೇರೆ, ಮಾರಾಟದ ಹೆಸರನ್ನು ಬದಲಿಸುವುದು ಬೇರೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತದ ಕಛೇರಿ ನಡೆಸಿದರು. ಹೆಸರು ಹಾಗೇ ಇತ್ತು, ರಾಗಕ್ಕೇನೂ ಆಗಲಿಲ್ಲ.

ಧಾರವಾಡದಿಂದ:

ಅವರ ಉಸಿರು ಬೇರೆ, ನಿಮ್ಮ ವಾದ ಬೇರೆ. ಪಿಟೀಲು ನೋಡಿ. ಫಿಡಲ್ ಬಂತು, ಫಕಾರ ಬಿಟ್ಟಿತು, ಉಕಾರ ಹಿಡಿಯಿತು, ಕನ್ನಡವಾಯಿತು. ಎರವಲು ತಪ್ಪಲ್ಲ, ಪಳಗಿಸದೆ ಬಿಡುವುದು ತಪ್ಪು. ‘ಸನ್‌ಬರ್ಸ್ಟ್’ನಲ್ಲಿ ಕೊನೆಗೆ ಮೂರು ವ್ಯಂಜನ ಸ್ವರವಿಲ್ಲದೆ ನಿಂತಿವೆ. ಯಾವ ಕನ್ನಡಿಗನ ನಾಲಗೆ ಅದನ್ನು ಹೊರಡಿಸುತ್ತದೆ?

ಶಿರಸಿಯಿಂದ:

ಗಿಟಾರ್ ಕೊಳ್ಳುವ ಕನ್ನಡಿಗನದು.

ಬೆಂಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ಅಂಗಡಿಯವರು ಒಪ್ಪಿದ್ದು ಇಷ್ಟು: ಮೇಲಿನ ದೊಡ್ಡ ಫಲಕ ‘ಬಣ್ಣ ಮತ್ತು ಮೆರುಗು’ (ಸಮಾಸವೇ ಇಲ್ಲ, ಧಾರವಾಡದವರು ಗಮನಿಸಿ). ಕೆಳಗೆ ಸನ್‌ಬರ್ಸ್ಟ್: ಅಂಚುಗಪ್ಪು, ಅಂಚುಗೆಂಪು. ಹೊಂಬಣ್ಣ. ಅಲೆನಾರಿನ ಮೇಪಲ್ ಮೇಲ್ಹಲಗೆ. ಸವೆಸಿದ ನೋಟ. ಕಾರಿನ ಬಣ್ಣಗಳು ಇದ್ದ ಹೆಸರಲ್ಲೇ. ‘ಅಚ್ಚಿನ ಅಲೆ’ಗೆ ಅವರು ಬಿಲ್‌ಕುಲ್ ಒಪ್ಪಲಿಲ್ಲ. ಕಿಲುಬನ್ನೂ ತೆಗೆಸಿದರು. ಕೊಕ್ಕೆಗಳಿಗೆ ಬಟ್ಟೆ ಸುತ್ತಿಯಾಯಿತು.

ಮೈಸೂರಿನಿಂದ:

ಕತ್ತರಿಸುವವರಿಗೆ ಯೂನಿಕೋಡ್ ಪಠ್ಯ ಹಾಗೇ ಕಳಿಸಬೇಡಿ. ಹಲವರ ಹತ್ತಿರ ಇರುವುದು ಹಳೆಯ ಎನ್‌ಕೋಡಿಂಗ್‌ನ ಫಾಂಟ್. ‘ಸನ್’ ಮತ್ತು ‘ಬರ್ಸ್ಟ್’ ನಡುವಿನ ಅಗೋಚರ ಅಕ್ಷರ ಪರಿವರ್ತನೆಯಲ್ಲಿ ಬಿದ್ದುಹೋಗಿ ನಕಾರಕ್ಕೆ ಬಕಾರದ ಒತ್ತು ಸೇರಿಕೊಳ್ಳುತ್ತದೆ. ಅರ್ಕಾವತ್ತೂ ಜಾಗ ತಪ್ಪುತ್ತದೆ. ಅಕ್ಷರಗಳನ್ನು ರೇಖಾಚಿತ್ರವಾಗಿ ಬದಲಾಯಿಸಿ ಪಿಡಿಎಫ್ ಕೊಡಿ. ಒತ್ತಕ್ಷರದ ಗೆರೆ 2 ಮಿಲಿಮೀಟರಿಗಿಂತ ತೆಳುವಿದ್ದರೆ ವಿನೈಲ್ ಸುಲಿಯುವಾಗ ಕಿತ್ತುಬರುತ್ತದೆ, ದಪ್ಪ ತೂಕದ ಫಾಂಟ್ ಆರಿಸಿ.

ಧಾರವಾಡದಿಂದ:

ಅಂಚುಗಪ್ಪಿನಲ್ಲಿ ಒತ್ತಕ್ಷರ ಒಂದೇ.