ಬಟ್ಟಲು ಉರುಳಿಸಿ ಆಡುವ ಮೊಲಗಳಿಗೆ ಎಂಥ ಪಾತ್ರೆ ಇಡಬೇಕು?

ಪ್ರಶ್ನೆ – ಕಲಬುರಗಿಯಿಂದ

ಎಲ್ಲರಿಗೂ ಶರಣು. ನಮ್ಮ ಮನೆಯಲ್ಲಿ ಎರಡು ಹೆಣ್ಣು ಮೊಲಗಳಿವೆ. ಒಂದೊಂದೂ ಸುಮಾರು 2 ಕಿಲೋ ತೂಗುತ್ತದೆ. ಹಗಲಿನಲ್ಲಿ ಶಹಾಬಾದ್ ಕಲ್ಲು ಹಾಸಿದ ಹಿಂದಿನ ಕೋಣೆಯಲ್ಲಿ ಅವುಗಳನ್ನು ಬಿಡುತ್ತೇವೆ, ರಾತ್ರಿ ಜಾಲರಿಯ ಗೂಡಿನಲ್ಲಿ ಇರಿಸುತ್ತೇವೆ. ಎರಡೂ ಬಹಳ ಚುರುಕು. ಪ್ಲಾಸ್ಟಿಕ್ ಬಟ್ಟಲಿನ ಅಂಚನ್ನು ಹಲ್ಲಿನಿಂದ ಹಿಡಿದು ಎತ್ತಿ ಎಸೆಯುತ್ತವೆ, ಕಾಳು ನೆಲದ ಪಾಲಾಗುತ್ತದೆ, ನೀರು ಚೆಲ್ಲಿ ಹುಲ್ಲೆಲ್ಲ ನೆನೆಯುತ್ತದೆ. ಅಂಗಡಿಯವರು ಗೂಡಿಗೆ ತೂಗುಹಾಕುವ ನಳಿಕೆಯ ಬಾಟಲಿಯೊಂದೇ ಸಾಕು ಎನ್ನುತ್ತಾರೆ, ಮನೆಯ ಹಿರಿಯರು ಕುಂಬಾರರ ಮಣ್ಣಿನ ಪಾತ್ರೆ ತರಲು ಹೇಳುತ್ತಾರೆ. ಉಡುಗೊರೆಯಾಗಿ ಬಂದ ಒಂದು ಬಿದರಿ ಬಟ್ಟಲೂ ಮನೆಯಲ್ಲಿದೆ. ಅದು ಭಾರವಾಗಿರುವುದರಿಂದ ಉರುಳಲಾರದು ಎಂದು ಅನ್ನಿಸುತ್ತದೆ. ಬೇಸಿಗೆ ಹತ್ತಿರವಾಗುತ್ತಿದೆ, ಆದ್ದರಿಂದ ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ – ಬೀದರ್‌ನಿಂದ

ಅಕ್ಕನವರೇ, ಮೊದಲು ಬಿದರಿ ಬಟ್ಟಲಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಎರಡನೆಯ ಅಭಿಪ್ರಾಯಕ್ಕೆ ಎಡೆಯಿಲ್ಲ. ಅದನ್ನು ಮೊಲಗಳ ಮುಂದೆ ಇಡಬೇಡಿ. ಬಿದರಿಯ ಎರಕದಲ್ಲಿ ಹೆಚ್ಚಿನ ಪಾಲು ಸತುವೇ ಇರುತ್ತದೆ, ಜೊತೆಗೆ ಸ್ವಲ್ಪ ತಾಮ್ರ. ಅದರ ಕಪ್ಪು ಬಣ್ಣ ನಮ್ಮ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣ ಬೆರೆಸಿದ ದ್ರಾವಣದಿಂದ ಬರುತ್ತದೆ. ಅದು ನೋಡಿ ಆನಂದಿಸುವ ಕಲೆ, ಉಣ್ಣುವ ಪಾತ್ರೆಯಲ್ಲ. ಮೊಲದ ಹಲ್ಲುಗಳು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಅದು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಸತು ಹೊಟ್ಟೆಗೆ ಸೇರಿದರೆ ಅದು ವಿಷವೇ ಸರಿ. ಇದೇ ಕಾರಣಕ್ಕೆ ಸತುವಿನ ಲೇಪವಿರುವ ತಗಡಿನ ಡಬ್ಬಿಗಳೂ ಬೇಡ.

ಕಾಳಿಗೆ ನನ್ನ ಮೊದಲ ಆಯ್ಕೆ ದಪ್ಪ ತಳದ, ಮೇಲಿಗಿಂತ ಕೆಳಗೆ ಅಗಲವಾಗಿರುವ ಪಿಂಗಾಣಿ ಬಟ್ಟಲು. ಅಂಚು ಒಳಮುಖವಾಗಿ ಬಾಗಿದ್ದರೆ ಹಲ್ಲಿಗೆ ಹಿಡಿತ ಸಿಗುವುದಿಲ್ಲ. ಖಾಲಿ ಬಟ್ಟಲೇ ಮುಕ್ಕಾಲು ಕಿಲೋದಷ್ಟು ತೂಗಬೇಕು, ಏಕೆಂದರೆ ಮೊಲ ಅದನ್ನು ಎತ್ತುವುದು ಸಾಮಾನ್ಯವಾಗಿ ಒಳಗಿನದು ಮುಗಿದ ಮೇಲೆ. ಅಗಲ ಒಂದು ಗೇಣಿಗಿಂತ ತುಸು ಕಡಿಮೆ, ಎತ್ತರ ಮೂರು ಬೆರಳಿನಷ್ಟು ಇದ್ದರೆ ಸಾಕು. ಮೊಲದ ಕಣ್ಣುಗಳು ತಲೆಯ ಪಕ್ಕದಲ್ಲಿರುವುದರಿಂದ ಮೂಗಿನ ನೇರ ಮುಂದಿರುವುದು ಅದಕ್ಕೆ ಕಾಣಿಸುವುದಿಲ್ಲ. ಅದು ತುಟಿ ಮತ್ತು ಮೀಸೆಗಳಿಂದ ತಡಕಿ ತಿನ್ನುತ್ತದೆ, ಹಾಗಾಗಿ ಆಳವಾದ, ಇಕ್ಕಟ್ಟಾದ ಪಾತ್ರೆ ಎಷ್ಟೇ ಭಾರವಿದ್ದರೂ ಅದಕ್ಕೆ ಒಗ್ಗುವುದಿಲ್ಲ. ಕೆಲವರು ಹಳೆಯ ಕಲ್ಲಿನ ಒರಳನ್ನು ಇಡುತ್ತಾರೆ. ಅದರ ಕುಳಿ ಕಿರಿದಾಗಿರುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ರಾತ್ರಿ ಗೂಡಿನೊಳಗೆ, ಜಾಲರಿಗೆ ತಿರುಪಿನಿಂದ ಬಿಗಿಯುವ ಸ್ಟೀಲ್ ಬಟ್ಟಲು ಉತ್ತಮ. ಬಟ್ಟಲನ್ನು ಹಿಡಿದಿಡುವ ಬಳೆಗೂ ಬಟ್ಟಲಿಗೂ ನಡುವೆ ಪಾದ ಸಿಕ್ಕಿಕೊಳ್ಳುವಷ್ಟು ಸಂದು ಇಲ್ಲದಿರುವುದನ್ನು ಮಾತ್ರ ನೋಡಿಕೊಳ್ಳಿ. ಪ್ಲಾಸ್ಟಿಕ್ ಅನ್ನು ಇಂದೇ ತೆಗೆದುಬಿಡಿ. ಕಡಿದ ಚೂರುಗಳು ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು, ಗೀರುಬಿದ್ದ ಜಾಗದಲ್ಲಿ ಲೋಳೆ ಕಟ್ಟುತ್ತದೆ.

ಉತ್ತರ – ಯಾದಗಿರಿಯಿಂದ

ಬೀದರ್‌ನವರು ಕಾಳಿನ ಬಟ್ಟಲಿನ ಬಗ್ಗೆ ಸರಿಯಾಗಿ ಹೇಳಿದ್ದಾರೆ. ಆದರೆ ನಮ್ಮ ಭಾಗದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಇಲ್ಲಿ ಮೇ ತಿಂಗಳಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮೊಲಕ್ಕಾದರೋ 30 ಡಿಗ್ರಿ ಮೀರಿದರೇ ಸಂಕಟ ಆರಂಭವಾಗುತ್ತದೆ. ಅದು ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲಾರದು, ಕಿವಿಗಳ ಮೂಲಕವೇ ಹೆಚ್ಚಿನ ಶಾಖವನ್ನು ಹೊರಬಿಡುತ್ತದೆ. ಕಿಲೋ ತೂಕಕ್ಕೆ ದಿನವೊಂದಕ್ಕೆ 50ರಿಂದ 150 ಮಿಲಿಲೀಟರ್ ನೀರು ಸಾಮಾನ್ಯ ದಿನಗಳ ಲೆಕ್ಕ, ಬೇಸಿಗೆಯಲ್ಲಿ ಅದು ಏರುತ್ತದೆ. ನಳಿಕೆಯ ಬಾಟಲಿಯಿಂದ ಹನಿಹನಿಯಾಗಿ ನೆಕ್ಕಿ ಅಷ್ಟು ನೀರು ಕುಡಿಯಲು ಬಹಳ ಹೊತ್ತು ಬೇಕು, ಮೇಲಾಗಿ ತುದಿಯ ಗುಂಡು ಸಿಕ್ಕಿಕೊಂಡು ನೀರು ನಿಂತರೂ ಹೊರಗಿನಿಂದ ನಮಗೆ ತಿಳಿಯುವುದಿಲ್ಲ. ತಲೆ ಬಾಗಿಸಿ ತೆರೆದ ಪಾತ್ರೆಯಿಂದ ಕುಡಿಯುವುದೇ ಮೊಲಕ್ಕೆ ಸಹಜ. ಆದ್ದರಿಂದ ಬಾಟಲಿ ಇರಲಿ, ಆದರೆ ಅದನ್ನೊಂದನ್ನೇ ನಂಬಬೇಡಿ.

ನಿಮ್ಮ ಹಿರಿಯರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಬಣ್ಣ ಬಳಿಯದ, ಮೆರುಗು ಹಚ್ಚದ, ದಪ್ಪ ಗೋಡೆಯ ಮಣ್ಣಿನ ಬೋಗುಣಿಯಲ್ಲಿ ನೀರು ಸಣ್ಣ ರಂಧ್ರಗಳಿಂದ ಜಿನುಗಿ ಆರುತ್ತಿರುವುದರಿಂದ ತಂಪಾಗಿರುತ್ತದೆ, ಅಂಚನ್ನು ತುಸು ಕಡಿದರೂ ಅಪಾಯವಿಲ್ಲ. ಎರಡು ಬೋಗುಣಿಗಳನ್ನು ಕೊಂಡು, ಒಂದನ್ನು ಬಳಸುವಾಗ ಇನ್ನೊಂದನ್ನು ತೆಂಗಿನ ನಾರಿನಿಂದ ಉಜ್ಜಿ ಬಿಸಿಲಿನಲ್ಲಿ ಒಣಗಿಸಿ, ಇಲ್ಲವಾದರೆ ಪಾಚಿ ಕಟ್ಟುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರಿನಿಂದ ಪಾತ್ರೆಗಳಲ್ಲಿ ಬಿಳಿ ಪೊರೆ ಕೂರುತ್ತದೆ. ಪಿಂಗಾಣಿ, ಸ್ಟೀಲ್ ಬಟ್ಟಲುಗಳಾದರೆ ನಿಂಬೆಹೋಳಿನಿಂದ ಉಜ್ಜಿ ಚೆನ್ನಾಗಿ ತೊಳೆಯಿರಿ.

ಇನ್ನು ಉರುಳಿಸುವ ಆಟ. ಬೇಸರಗೊಂಡ ಮೊಲಕ್ಕೆ ಬಟ್ಟಲೇ ಆಟಿಕೆ. ರಟ್ಟಿನ ಕೊಳವೆಯೊಳಗೆ ಹುಲ್ಲು ತುರುಕಿ ಕೊಡಿ, ಬೇವಿನ ಕಡ್ಡಿ ಕಡಿಯಲು ಬಿಡಿ, ಕಾಳಿನಲ್ಲಿ ಒಂದಿಷ್ಟನ್ನು ಹುಲ್ಲಿನ ನಡುವೆ ಚೆದುರಿಸಿ ಹುಡುಕಿಸಿ. ಒಣಹುಲ್ಲಿಗೆ ಬಟ್ಟಲು ಬೇಡವೇ ಬೇಡ, ಗೋಡೆಗೆ ತಗುಲಿಸಿದ ಜಾಲರಿ ಬುಟ್ಟಿಯಲ್ಲಿ ಅದು ದಿನವಿಡೀ ಸಿಗುವಂತಿರಲಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಬಿದರಿ ಬಟ್ಟಲನ್ನು ಕಪಾಟಿಗೆ ಸೇರಿಸಿದ್ದೇನೆ, ಮಣ್ಣಿನ ಬೋಗುಣಿಗಳನ್ನು ತರಿಸುತ್ತೇನೆ. ಇನ್ನೊಂದು ಸಂದೇಹವಿದೆ: ದೊಡ್ಡ ಮೊಲದ ಗದ್ದದ ಕೆಳಗೆ ಚರ್ಮದ ದಪ್ಪ ಮಡಿಕೆಯಿದ್ದು, ತೆರೆದ ಪಾತ್ರೆಯಲ್ಲಿ ಕುಡಿಯುವಾಗ ಅದು ನೆನೆಯುತ್ತದೆ. ಇದರಿಂದ ತೊಂದರೆಯಿದೆಯೇ? ಇಬ್ಬರಿಗೂ ಸೇರಿ ಒಂದೇ ಬಟ್ಟಲು ಸಾಕೇ?

ಉತ್ತರ – ಬೀದರ್‌ನಿಂದ

ಆ ಮಡಿಕೆ ಹೆಣ್ಣು ಮೊಲಗಳಲ್ಲಿ ಸಹಜ, ಆದರೆ ಸದಾ ಒದ್ದೆಯಾಗಿದ್ದರೆ ಕೂದಲು ಉದುರಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಆ ಮೊಲಕ್ಕೆ ಬಾಯಿ ಸ್ವಲ್ಪ ಕಿರಿದಾದ ನೀರಿನ ಬೋಗುಣಿಯನ್ನು ಒಂದು ಇಟ್ಟಿಗೆಯ ಎತ್ತರದಲ್ಲಿ, ಅಲುಗಾಡದಂತೆ ಇಡಿ. ಆಗ ತಲೆಯನ್ನು ಬಹಳ ಬಗ್ಗಿಸಬೇಕಾಗುವುದಿಲ್ಲ, ಮಡಿಕೆಯೂ ನೀರಿಗೆ ತಗಲುವುದಿಲ್ಲ. ಸಂಜೆ ಒಣ ಬಟ್ಟೆಯಿಂದ ಒತ್ತಿ ಒರೆಸಿ.

ಕಾಳಿನ ಬಟ್ಟಲುಗಳು ಎರಡು ಇರಲಿ, ಅವುಗಳ ನಡುವೆ ಕೆಲವು ಮೊಳಗಳ ಅಂತರವಿರಲಿ. ಒಂದೇ ಇದ್ದರೆ ಜೋರಿನದು ತಿಂದು ಕೊಬ್ಬುತ್ತದೆ, ಸಾಧುವಾದದ್ದು ಹಸಿದಿರುತ್ತದೆ. ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂನಷ್ಟು ಕಾಳು, ಅಂದರೆ ಗುಳಿಗೆ ಆಹಾರ, ಸಾಕು, ಹೊಟ್ಟೆ ತುಂಬಬೇಕಾದುದು ಹುಲ್ಲಿನಿಂದ. ಬೇರೆ ಬೇರೆ ಬಟ್ಟಲುಗಳಿಂದ ಇನ್ನೊಂದು ದೊಡ್ಡ ಉಪಕಾರವಿದೆ: ಯಾವುದು ತಿನ್ನಲಿಲ್ಲ ಎಂಬುದು ತಕ್ಷಣ ಕಾಣುತ್ತದೆ. ಮೊಲ ಅರ್ಧ ದಿನ ಏನನ್ನೂ ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಕುಳಿತಿದ್ದರೆ ಕರುಳಿನ ಚಲನೆ ನಿಂತಿರುವ ಸಾಧ್ಯತೆಯಿದೆ. ಮರುದಿನದವರೆಗೆ ಕಾಯದೆ ಹತ್ತಿರದ ಪಶುವೈದ್ಯರ ಬಳಿಗೆ ಕೊಂಡೊಯ್ಯಿರಿ. ಇಲ್ಲಿ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಆದರೆ ಕಲಬುರಗಿಯಿಂದ ಇಲ್ಲಿಗೆ ಬರಲು ಹಿಡಿಯುವ ಸಮಯವೇ ಅಂಥ ಮೊಲಕ್ಕೆ ದುಬಾರಿಯಾದೀತು, ಹಾಗಾಗಿ ಮೊಲಗಳನ್ನು ನೋಡುವ ವೈದ್ಯರು ನಿಮ್ಮ ಊರಿನಲ್ಲಿಯೇ ಯಾರಿದ್ದಾರೆ ಎಂದು ಬೇಸಿಗೆಗೆ ಮುನ್ನವೇ ವಿಚಾರಿಸಿಟ್ಟುಕೊಳ್ಳಿ.